ಪಕ್ಕೀರಮ್ಮನ ಎರಡು ಪಟ

ಹೇಗೆ ಶುರು ಮಾಡಲಿ?

'ಕೊಟ್ಟೂರಿನಲ್ಲಿ ಪಕ್ಕೀರಮ್ಮ ಎಂಬ ಶಿವಭಕ್ತೆ ಇದ್ದಳು' ಎಂದು ಬರೆದೆ. ನಾನು ಕಲಿತ ಕಾಲದಲ್ಲಿ ಕಥೆಗಳು ಹೀಗೆಯೇ ಶುರುವಾಗುತ್ತಿದ್ದವು. ಆದರೆ ಮುಂದಿನ ವಾಕ್ಯದಲ್ಲೇ 'ಆಕೆ ಲಿಂಗೈಕ್ಯಳಾಗಿ ಕೆಲವು ತಿಂಗಳಾಗಿದ್ದವು' ಎಂದು ಬರೆಯಬೇಕಾಯಿತು. ಒಂದು ವಾಕ್ಯದಲ್ಲಿ ಇದ್ದಳು, ಮುಂದಿನದರಲ್ಲಿ ಇಲ್ಲ. ಇಷ್ಟು ಅವಸರ ಶಿವನಿಗೂ ಇರಲಾರದು. ಹರಿದು ಹಾಕಿದೆ.

ಎರಡನೆಯ ಸಲ ಯಂತ್ರದಿಂದ ಶುರು ಮಾಡಿದೆ. 'ಮಂಡಕ್ಕಿ ಭಟ್ಟಿಯ ಸೋಮಪ್ಪನ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಟವೆಲ್ ಹೊದ್ದು ಕೂತಿತ್ತು.' ಸುಳ್ಳಲ್ಲ. ೨೦೦೬ರಲ್ಲಿ ನಮ್ಮ ಕಡೆಯ ಕಂಪ್ಯೂಟರುಗಳೆಲ್ಲ ಧೂಳಿಗೆ ಹೆದರಿ ಟವೆಲ್ ಹೊದ್ದೇ ಇರುತ್ತಿದ್ದವು. ಆದರೆ ಟವೆಲಿನ ಕೆಳಗಿನಿಂದ ಕಥೆ ಎಷ್ಟು ಹೊತ್ತಿಗೆ ಎದ್ದು ಬಂದೀತು?

ಮೂರನೆಯದು ಉಜ್ಜಿನಮ್ಮನಿಂದ. ಸೋಮಪ್ಪನ ಹೆಂಡತಿ, ಪಕ್ಕೀರಮ್ಮನ ಸೊಸೆ. ಕೈ ಒರೆಸಿಕೊಂಡು ಬಂದಳು, ಟವೆಲ್ ತೆಗೆದು ನಾಲ್ಕು ಮಡಿಕೆ ಮಾಡಿದಳು, ಕಂಪ್ಯೂಟರಿಗೆ ಒಂದು ನಮಸ್ಕಾರ ಮಾಡಿ ಬಟನ್ ಒತ್ತಿದಳು. ಅದು ಗೊರಗೊರ ಎಂದು ಏಳುವಷ್ಟರಲ್ಲಿ ಒಳಗೆ ಹೋಗಿ ಅಕ್ಕಿ ತೊಳೆದಿಟ್ಟು ಬಂದಳು.

ಇದೇ ಇರಲಿ. ಕೆಲಸ ಮಾಡುವವರ ಹಿಂದೆ ಹೋದರೆ ಕಥೆ ದಾರಿ ತಪ್ಪುವುದಿಲ್ಲ.

೧

ಕಂಪ್ಯೂಟರಿನೊಳಗೆ ಮನೆಯ ಫೋಟೋಗಳು ರಾಶಿ ಬಿದ್ದಿದ್ದವು. ಸೋಮಪ್ಪ ಕ್ಯಾಮೆರಾ ತಂದ ಮೇಲೆ ತೆಗೆದವುಗಳನ್ನೆಲ್ಲ 'ನ್ಯೂ ಫೋಲ್ಡರ್', 'ನ್ಯೂ ಫೋಲ್ಡರ್ ಎರಡು', 'ನ್ಯೂ ಫೋಲ್ಡರ್ ಮೂರು' ಎಂದು ಸುರಿಯುತ್ತಾ ಹೋಗಿದ್ದ. ಅವನ್ನು ಸಾಲಾಗಿ ಜೋಡಿಸುವುದು ಉಜ್ಜಿನಮ್ಮ ಹಿಡಿದ ಕೆಲಸ.

ತಾರೀಕು ನೋಡಿ ಜೋಡಿಸಿದರಾಯಿತಲ್ಲ ಎನ್ನುತ್ತೀರಿ. ಎಲ್ಲ ಫೋಟೋದ ತಾರೀಕೂ ಜನವರಿ ಒಂದು, ೨೦೦೩. ಕಾರಣ ಪಕ್ಕೀರಮ್ಮ. ಬೆಳಿಗ್ಗೆ ರೇಡಿಯೋದಲ್ಲಿ ವಚನ ಕೇಳದೆ ಆಕೆ ಒಲೆ ಹೊತ್ತಿಸುವವಳಲ್ಲ. ರೇಡಿಯೋದ ಸೆಲ್ಲು ಮುಗಿದ ದಿನ ಕ್ಯಾಮೆರಾದ ಸೆಲ್ಲು ತೆಗೆದು ಹಾಕಿಕೊಳ್ಳುವಳು. ಸೆಲ್ಲು ತೆಗೆದ ಕ್ಯಾಮೆರಾ ಲೋಕವನ್ನೇ ಮರೆತು ಮತ್ತೆ ಜನವರಿ ಒಂದಕ್ಕೆ ಹೋಗಿ ನಿಲ್ಲುವುದು.

"ಅವ್ವ, ಅದರಾಗ ತಾರೀಕು ಕೆಡತೈತಿ," ಎಂದು ಸೋಮಪ್ಪ ಹೇಳಿದ್ದ.

"ಕೆಟ್ರ ಕೆಡ್ಲಿ. ಸೆಲ್ಲು ಇರೂದು ವಚನ ಕೇಳಾಕ. ಮಾರಿ ನೋಡ್ಕೊಳ್ಳಾಕ ಕನ್ನಡಿ ಐತಿ."

ಹೀಗಾಗಿ ಕಂಪ್ಯೂಟರಿನ ಲೆಕ್ಕದಲ್ಲಿ ಈ ಮನೆಯಲ್ಲಿ ಎಲ್ಲವೂ ಒಂದೇ ದಿನ ನಡೆದಿದೆ. ಮಗಳು ನೀಲಾ ಶಾಲೆಗೆ ಸೇರಿದ್ದು, ಭಟ್ಟಿಯ ಗೋಡೆ ಬಿದ್ದದ್ದು, ಎಮ್ಮೆ ಈದದ್ದು, ಅತ್ತೆ ಹೋದದ್ದು. ಕಾರ್ಡ್ ಖಾಲಿ ಮಾಡಿದಾಗಲೆಲ್ಲ ಫೋಟೋಗಳ ನಂಬರೂ ಮತ್ತೆ ಒಂದರಿಂದಲೇ.

(ನನ್ನ ಈ ಬರಹದ ನಂಬರುಗಳೂ ಹಾಗೆಯೇ ನಡೆದರೆ ಗಾಬರಿಯಾಗಬೇಡಿ. ಕಥೆ ಮುಂದಕ್ಕೇ ಹೋಗುತ್ತದೆ. ನಂಬರು ಮಾತ್ರ ಆಗಾಗ ಸೆಲ್ಲು ತೆಗೆಸಿಕೊಳ್ಳುತ್ತದೆ.)

೨

ಇಷ್ಟು ದಿನ ಬಿಟ್ಟು ಈಗೇಕೆ ಜೋಡಿಸಬೇಕು? ಮಾವ ಶಿವಯೋಗಪ್ಪ ಕೇಳಿಕೊಂಡಿದ್ದ, ಅದಕ್ಕೆ. "ಉಜ್ಜಿ, ಆ ಡಬ್ಬಿಯೊಳಗ ನಿಮ್ಮತ್ತಿ ಇದ್ದಾಳಂತಲ್ಲ. ನನಗೂ ಒಮ್ಮಿ ತೋರ್ಸವ್ವ."

ತೋರಿಸಲು ಆಕೆಗೆ ಧೈರ್ಯವಾಗಲಿಲ್ಲ. ಹಾಗೇ ಒತ್ತುತ್ತಾ ಹೋದರೆ ಹೋಳಿಗೆ ತಟ್ಟುವ ಅತ್ತೆಯ ಬೆನ್ನಿಗೇ ಆ ಕೊನೆಯ ದಿನದ ಫೋಟೋ ಬಂದುಬಿಡುತ್ತಿತ್ತು. "ತಡೀರಿ ಮಾವ, ಹಸನ ಮಾಡಿ ತೋರಿಸ್ತೀನಿ," ಎಂದಳು. ಜೋಳವನ್ನು ಹಸನು ಮಾಡುವ ಹಾಗೆ, ಕಲ್ಲು ಬೇರೆ, ಕಾಳು ಬೇರೆ.

ಆಕೆ ಹಸನು ಮಾಡಿದ ರೀತಿಗೆ ನಾನು ಮನಸ್ಸಿನಲ್ಲೇ ಶರಣೆಂದೆ. ಮೊದಲು ನೀಲಾಳ ಹಲ್ಲು ನೋಡಿದಳು. ಎಲ್ಲ ಹಾಲುಹಲ್ಲು ಇದ್ದರೆ ಹಳೆಯದು, ಮುಂದಿನದು ಬಿದ್ದಿದ್ದರೆ ಈಚಿನದು. ನೀಲಾ ಬಾಯಿ ಮುಚ್ಚಿದ್ದರೆ ಗೋಡೆ ನೋಡಿದಳು. ಯುಗಾದಿಗೆ ಯುಗಾದಿಗೆ ಸುಣ್ಣ ಹಚ್ಚುವಾಗ ಸೋಮಪ್ಪ ಒಮ್ಮೆ ನೀಲಿ ಹೆಚ್ಚು ಸುರಿದಿದ್ದ, ಒಮ್ಮೆ ಸುರಿಯುವುದನ್ನೇ ಮರೆತಿದ್ದ. ಗೋಡೆಯೂ ಕಾಣದಿದ್ದರೆ ತನ್ನ ಕೈಬಳೆ ನೋಡಿದಳು. ಫೋಲ್ಡರುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತನ್ನೇ ಹೆಸರಿಟ್ಟಳು: 'ಹಲ್ಲು ಬೀಳೂಕಿಂತ ಮದಲು', 'ನೀಲಿ ಗ್ವಾಡಿ', 'ಅತ್ತಿ ಬೈಯೂದು', 'ಅತ್ತಿ ನಕ್ಕಿದ್ದು'. ಬೈಯುವುದರಲ್ಲಿ ಫೋಟೋ ಹೆಚ್ಚಿದ್ದವು. ನಕ್ಕದ್ದರಲ್ಲಿ ಕಣ್ಣು ಮುಚ್ಚಿದ್ದವೇ ಎಲ್ಲ. ಫ್ಲ್ಯಾಶ್ ಬೀಳುವುದಕ್ಕೂ ಪಕ್ಕೀರಮ್ಮ ಕಣ್ಣು ಮುಚ್ಚುವುದಕ್ಕೂ ಏನೋ ಒಪ್ಪಂದವಿತ್ತು.

ಚರಿತ್ರೆ ಬರೆಯುವವರು ತಾಮ್ರಪಟ, ಶಿಲಾಶಾಸನ ನೋಡುತ್ತಾರೆ. ಈ ಹೆಣ್ಣುಮಗಳು ಹಲ್ಲು, ಸುಣ್ಣ ಮತ್ತು ಬಳೆಗಳಿಂದ...

"ಸಾಕ್ರಿ ಹೊಗಳೂದು," ಎಂದಳು ಉಜ್ಜಿನಮ್ಮ, ತಿರುಗಿ ನೋಡದೆ. "ಒಲಿ ಮ್ಯಾಲೆ ಹಾಲು ಅದಾವು. ಮುಂದಕ್ಕ ಬರೀರಿ."

ಸರಿ ತಾಯಿ.

೩

ಮುಂದಕ್ಕೆ ಹೋಗುವ ಮೊದಲು ಒಂದು ಪದ್ಧತಿ ಹೇಳಬೇಕು. ಬಲ್ಲವರು ಕ್ಷಮಿಸಬೇಕು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೀಸಿ, ಒಳ್ಳೆಯ ಬಟ್ಟೆ ಉಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಕೊರಳಿಗೆ ಹಾರ ಹಾಕಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಡುತ್ತೇವೆ. ಪೂಜೆಗೆ ಕೂತವರಂತೆಯೇ. ಸುತ್ತ ಮನೆಮಂದಿ ನಿಂತು ಒಂದು ಫೋಟೋ ತೆಗೆಸುತ್ತಾರೆ. ಹೆಚ್ಚಿನ ಮನೆಗಳಲ್ಲಿ ಆಮೇಲೆ ಗೋಡೆಗೆ ಬರುವುದು ಅದೇ.

ಪಕ್ಕೀರಮ್ಮನಿಗೆ ಅದು ಒಪ್ಪಿಗೆಯಿರಲಿಲ್ಲ. ಇಟ್ಟಿಗಿ ಊರಿನಲ್ಲಿ ತನ್ನಕ್ಕ ಚೌಡಕ್ಕನ ಅಂಥ ಪಟ ನೋಡಿ ಬಸ್ಸಿನಲ್ಲಿ ವಾಪಸು ಬರುವಾಗ ಹೇಳಿದ್ದಳು. ಒಂದು ಕಡೆ ಗಂಡ, ಒಂದು ಕಡೆ ಸೊಸೆ.

"ನನ್ನೂ ಕುಂದ್ರಿಸ್ತೀರಿ, ಕುಂದ್ರಿಸ್ರಿ. ಪಟ ತಗೀತೀರಿ, ತಗೀರಿ. ಆದ್ರ ಅದನ್ನ ದೇವರ ಜಗಲಿ ಮ್ಯಾಲೆ ಇಡಬ್ಯಾಡ್ರಿ. ಜೀವ ಇದ್ದಾಗಿಂದು ಇಡ್ರಿ. ಹೆಣಕ್ಕ ದಿನಾ ಊದಿನಕಡ್ಡಿ ಹಚ್ಚಿ ಏನು ಬಂತು?"

"ನೀ ಎಲ್ಲಿಗೆ ಹೊಂಟೀ ಈಗ?" ಎಂದಿದ್ದ ಶಿವಯೋಗಪ್ಪ.

"ಸದ್ಯಕ್ಕ ಕೊಟ್ಟೂರಿಗೆ. ಮಾತು ಕೊಡು."

ಬಸ್ಸಿನಲ್ಲೇ ಕೈ ಮೇಲೆ ಕೈಯಿಟ್ಟು ಆತ ಮಾತು ಕೊಟ್ಟಿದ್ದ.

ಆ ಮಾತಿನಂತೆ ಈಗ ಜಗಲಿಯ ಮೇಲೆ ಒಂದು ಪಟ ಇದೆ. ಹಸಿರು ಇಳಕಲ್ ಸೀರೆ, ತಲೆ ಮೇಲೆ ಸೆರಗು, ವಿಭೂತಿ, ಹಾರ, ಅಂಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು. ಮನೆಗೆ ಸ್ವಾಮಿಗಳು ಪಾದಪೂಜೆಗೆ ಬಂದ ದಿನದ್ದು. ಅವತ್ತು ಸ್ವಾಮಿಗಳು ತಮ್ಮ ಕೊರಳ ಹಾರವನ್ನೇ ತೆಗೆದು ಆಕೆಗೆ ಹಾಕಿಸಿದ್ದರು. ಶಿವಯೋಗಪ್ಪ ದಿನವೂ ಅದರೆದುರು ಪೂಜೆಗೆ ಕೂರುತ್ತಾನೆ. ಬಂದವರಿಗೆಲ್ಲ ತೋರಿಸುತ್ತಾನೆ. "ನೋಡ್ರಿ, ಜೀವ ಇದ್ದಾಗಿಂದು. ಹೆಂಗ ಆರಾಮ ಕುಂತಾಳ."

೧

'ಪೂಜಿ' ಎಂಬ ಫೋಲ್ಡರ್ ಮಾಡುವಾಗ ಉಜ್ಜಿನಮ್ಮನಿಗೆ ಅಂಥ ಫೋಟೋ ಎರಡು ಸಿಕ್ಕವು.

ಅದೇ ಸೀರೆ, ಅದೇ ಬಗೆಯ ಹಾರ, ಅದೇ ಮುಚ್ಚಿದ ಕಣ್ಣು. ಒಂದು ಪಾದಪೂಜೆಯದು, ಇನ್ನೊಂದು ಕೊನೆಯ ದಿನದ್ದು, ಮನೆಮಂದಿ ಸುತ್ತ ನಿಲ್ಲುವ ಮೊದಲು ಆಕೆಯೊಬ್ಬಳದೇ ತೆಗೆದದ್ದು. ಆ ಸೀರೆ ಅತ್ತೆಗೆ ಒಪ್ಪುತ್ತದೆಂದು ಕೊನೆಗೂ ಅದನ್ನೇ ಉಡಿಸಿದವಳು ಉಜ್ಜಿನಮ್ಮನೇ. ಕಂಪ್ಯೂಟರನ್ನು ಕೇಳಿದರೆ ಎರಡೂ ಜನವರಿ ಒಂದು ಎಂದಿತು.

ಎರಡನೆಯದನ್ನು ದೊಡ್ಡದು ಮಾಡಿ ನೋಡಿದಳು. ಅಂಚಿನಲ್ಲಿ ಕಿಟಕಿ. ಅತ್ತೆಯ ಸೆರಗಿನ ಹಿಂದಿನಿಂದ ಒಂದು ಬಿಳಿ ಬಟ್ಟೆಯ ಪಟ್ಟಿ ಬಂದು ಕಿಟಕಿಯ ಸರಳಿಗೆ ಸೇರಿತ್ತು. ಕೂರಿಸಿದವರ ತಲೆ ಮುಂದಕ್ಕೆ ಬಾಗಬಾರದೆಂದು ಹಾಗೆ ಕಟ್ಟುತ್ತಾರೆ. ಆ ಗಂಟನ್ನು ಆಕೆ ಗುರುತು ಹಿಡಿದಳು. ಅತ್ತೆಗೆ ನೋಯಬಾರದೆಂದು ಸಡಿಲ ಮಾಡಿ, ಬಾಗುತ್ತದೆಂದು ಮತ್ತೆ ಬಿಗಿ ಮಾಡಿ, ತಾನೇ ಹಾಕಿದ ಗಂಟು.

ಅಂಚು ಪರದೆಯಿಂದ ಆಚೆ ಹೋಗುವಂತೆ ಫೋಟೋವನ್ನು ಸರಿಸಿದಳು. ಕಿಟಕಿ ಹೋಯಿತು, ಗಂಟು ಹೋಯಿತು. ಉಳಿದದ್ದು ಜಗಲಿಯ ಮೇಲಿನ ಪಟ. ಎಡ ಭುಜದ ಮೇಲೆ ಹಾರದ ಒಂದು ಹೂವು ತಲೆಕೆಳಗಾಗಿ ನಿಂತಿರುವುದೂ ಅಲ್ಲಿರುವಂತೆಯೇ. ಎದ್ದು ಹೋಗಿ ಪಟ ನೋಡಿ ಬಂದಳು. ಮತ್ತೆ ಹೋಗಿ ನೋಡಿ ಬಂದಳು.

ಮಾವ ಇಷ್ಟು ತಿಂಗಳು ಊದಿನಕಡ್ಡಿ ಹಚ್ಚಿದ್ದು ಅತ್ತೆ ಯಾವುದಕ್ಕೆ ಬೇಡವೆಂದಿದ್ದಳೋ ಅದಕ್ಕೇ.

(ಇಲ್ಲಿ ನಾನು ಬಹಳ ಹೊತ್ತು ಪೆನ್ನು ಕೆಳಗಿಟ್ಟೆ. ನಮ್ಮ ಮನೆಯ ಜಗಲಿಯಲ್ಲೂ ಈಗ ಒಂದು ಪಟ ಇದೆ. ಅದು ಈ ಕಥೆಯ ಮಾತಲ್ಲ.)

೨

"ಸ್ಟುಡಿಯೋಕ್ಕ ಯಾವ ಫೋಟೋ ಕೊಟ್ಟಿದ್ರಿ?" ಎಂದು ಗಂಡನನ್ನು ಕೇಳಿದಳು. ಸೋಮಪ್ಪ ಭಟ್ಟಿಯ ಬೂದಿ ಕೊಡವುತ್ತಾ ಬಚ್ಚಲ ಹತ್ತಿರ ನಿಂತಿದ್ದ.

"ಸಿ.ಡಿ. ಕೊಟ್ಟು ಬಂದೆ. ಹಸಿರು ಸೀರಿ, ಪೂಜಿಗೆ ಕುಂತದ್ದು ಅಂದೆ. ಯಾಕ?"

ಹೇಳಿದಳು. ಸೋಮಪ್ಪನ ಕೈಯ ತಂಬಿಗೆಯಿಂದ ನೀರು ಸುಮ್ಮನೆ ಸುರಿಯಿತು.

"ಅಪ್ಪಗ ಹೇಳೀ ಏನು?"

"ಇಲ್ಲ."

"ಹೇಳಬ್ಯಾಡಲೇ. ಮುಂದಿನ ತಿಂಗಳು ವರ್ಷದ ಪೂಜಿ. ಅದೇ ಪಟ ಇಟ್ಟು ಊರಿಗೆ ಊಟ ಹಾಕ್ತಾನ. ಯಾರಿಗೆ ತಿಳೀತೈತಿ?"

"ನನಗ ತಿಳೀತಲ್ರಿ. ಬಸ್ಸಿನ್ಯಾಗ ನಾನೂ ಇದ್ದೆ."

ಸೋಮಪ್ಪ ತಂಬಿಗೆಯನ್ನು ಮತ್ತೆ ತುಂಬಿಕೊಂಡ. ಒಳ್ಳೆಯವನು. ತಪ್ಪಾದದ್ದು ತಾಯಿಯ ಫೋಟೋ ನೋಡಲಾರದೆ ಅವಸರ ಮಾಡಿದ್ದರಿಂದ. ಅವನನ್ನು ಬೈದು ಒಂದು ಪ್ಯಾರಾ ಬರೆದಿದ್ದೆ, ತೆಗೆದೆ.

೧

ಸ್ಟುಡಿಯೋದ ಮುನಾವರನ ಹತ್ತಿರ ಉಜ್ಜಿನಮ್ಮನೇ ಹೋದಳು. ಪಾದಪೂಜೆಯ ಫೋಟೋವನ್ನು ಸಿ.ಡಿ.ಯಲ್ಲಿ ಒಯ್ದಿದ್ದಳು. ಅದೇ ಅಳತೆಗೆ, ಮುಖ, ಹಾರ, ಅಂಗೈ ಅಷ್ಟೇ ಬರುವಂತೆ ಬೇಕು ಎಂದಳು.

ಮುನಾವರ ಅದನ್ನೂ ತನ್ನಲ್ಲಿದ್ದ ಹಳೆಯದನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟ. ಅರ್ಥವಾಯಿತು. ಕಿವಿ ಮುಟ್ಟಿಕೊಂಡ.

"ತೋಬಾ. ಅಕ್ಕಾ, ಸೋಮಣ್ಣ ಪೂಜಿದು ಅಂದ. ನನ್ನ ಕಣ್ಣಿಗೆ ಇದು ಭಾಳ ಶಾಂತ ಕಂಡಿತು, ಇದನ್ನೇ ತಗದೆ. ಬಟ್ಟಿ ಕಂಡಿತ್ತು. ಕಿಟಕಿ ಪರದಿ ಬಟ್ಟಿ ಅನ್ಕೊಂಡು ಕಟ್ ಮಾಡಿದೆ."

"ಇರ್ಲಿ ಬಿಡ್ರಿ. ಮನ್ಯಾವ್ರು ನಾವೇ ಗುರ್ತು ಹಿಡೀಲಿಲ್ಲ."

"ಅವತ್ತೇ ಕೇಳಿದ್ದೆ, ಕಣ್ಣು ತಗಿಸಿ ಕೊಡ್ಲೇನು ಅಂತ. ನಿಮ್ಮ ಮಾವಾರು ಬ್ಯಾಡ ಅಂದ್ರು."

"ಕಣ್ಣು ತಗಸೂದು ಹೆಂಗ?"

ಮುನಾವರ ಒಂದು ಫೈಲ್ ತೆರೆದ. ಪರದೆಯ ತುಂಬ ಎರಡು ಕಣ್ಣು ಬಂದವು. ಮುಖವಿಲ್ಲ, ಕಣ್ಣು ಮಾತ್ರ. ಕಪ್ಪಾಗಿ, ತುಸು ನಗುವ ಹಾಗೆ.

"ನನ್ನ ತಂಗಿ ಕೌಸರಂದು. ಕಣ್ಣು ಮುಚ್ಚಿದ ಪಟ ಬಂದ್ರ ಇವನ್ನೇ ಹಚ್ಚತೀನಿ. ಊರಾಗ ಎಷ್ಟೋ ಮನಿ ಗ್ವಾಡಿಮ್ಯಾಲೆ ಮುದುಕೇರು ನಮ್ಮ ಕೌಸರಳ ಕಣ್ಣಿಲೇ ನೋಡಾಕತ್ಯಾರ. ಆಕಿ ಯಾರ ಮನಿಗೆ ಹೋದ್ರೂ ಗ್ವಾಡಿ ನೋಡಿ ನಗತಾಳ."

ಉಜ್ಜಿನಮ್ಮನಿಗೂ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು. ಹಿಂದೆಯೇ ಕಣ್ಣೀರು ಬಂತು. ಮುನಾವರ ಮುಖ ತಿರುಗಿಸಿ ಪ್ರಿಂಟರಿಗೆ ಹಾಳೆ ಹಾಕಿದ.

(ಸೃಷ್ಟಿಕರ್ತನಿಗೆ ಇದರಿಂದ ಬೇಸರವಾಗಿರಲಾರದು. ಒಬ್ಬಳ ಕಣ್ಣಿನಿಂದ ಇಷ್ಟೊಂದು ತಾಯಂದಿರು ಮಕ್ಕಳನ್ನು ನೋಡುತ್ತಿದ್ದಾರೆ ಎಂದರೆ ಅವನ ಕೆಲಸವನ್ನು ಅಷ್ಟು ಹಗುರ ಮಾಡಿದಂತೆಯೇ.)

೨

ಇಲ್ಲಿಂದ ಕಥೆ ಹೇಗೆ ಮುಗಿಯಬೇಕೆಂದು ನಾನು ಮೂರು ದಾರಿ ಯೋಚಿಸಿದೆ.

ಮೊದಲನೆಯದು. ಫೋಟೋಗಳ ರಾಶಿಯಲ್ಲಿ, ಯಾರದೋ ಚಿತ್ರದ ಮೂಲೆಯಲ್ಲಿ, ಕಣ್ಣು ಬಿಟ್ಟು ನಗುವ ಪಕ್ಕೀರಮ್ಮ ಸಿಕ್ಕಿಬಿಡುತ್ತಾಳೆ. ಎಲ್ಲರೂ ಅಳುತ್ತಾರೆ. ಸೊಗಸಾಗಿದೆ. ಆದರೆ ಉಜ್ಜಿನಮ್ಮ ಎಲ್ಲವನ್ನೂ ನೋಡಿದ್ದಾಳೆ, ಅಂಥದ್ದು ಇಲ್ಲ. ಇಲ್ಲದ್ದನ್ನು ತಂದಿಟ್ಟರೆ ನಾನೂ ಕೌಸರಳ ಕಣ್ಣು ಹಚ್ಚಿದಂತಾಯಿತು.

ಎರಡನೆಯದು. ಶಿವಯೋಗಪ್ಪನಿಗೆ ಮೊದಲೇ ಎಲ್ಲ ಗೊತ್ತಿತ್ತು ಎನ್ನುವುದು. ಹಿರಿಯರಿಗೆ ಎಲ್ಲ ಗೊತ್ತಿರುತ್ತದೆ ಎಂದು ಕಥೆಗಾರರು ನಂಬಿದ್ದಾರೆ. ನಾನೂ ಹಿರಿಯನೇ. ನಮಗೆ ಗೊತ್ತಿರುವುದು ಬಹಳ ಕಡಿಮೆ.

ಮೂರನೆಯದು ಉಪದೇಶ. ಸತ್ತವರನ್ನು ಪೂಜೆಗೆ ಕೂತಂತೆ ಕೂರಿಸುವುದೇ ಇದ್ದವರು ಹೋದವರು ಬೇರೆಯಲ್ಲ ಎಂದು ತಿಳಿಯಲಿ ಎಂದು. ಆದ್ದರಿಂದ ಯಾವ ಪಟವಾದರೂ ಒಂದೇ. ಇದನ್ನು ಒಂದು ಪುಟ ಬರೆದೆ. ಮನಸ್ಸಿಗೆ ಸಮಾಧಾನವೂ ಆಯಿತು. ಅಷ್ಟರಲ್ಲಿ ಪಕ್ಕೀರಮ್ಮ ಬಂದಳು.

"ಒಂದೇ ಅಂತ ಯಾರು ಹೇಳ್ಯಾರ ನಿನಗ?"

"ತಾಯಿ, ಶಾಸ್ತ್ರದಲ್ಲಿ..."

"ಶಾಸ್ತ್ರ ನನಗೂ ಗೊತ್ತೈತಿ. ದಿನಾ ರೇಡಿಯೋ ಕೇಳೀನಿ. ಶಿವನ ಕಣ್ಣಾಗ ಒಂದೇ ಇರಬೌದು. ಬಸ್ಸಿನ್ಯಾಗ ಮಾತು ಕೊಟ್ಟಾಂವ ಶಿವ ಅಲ್ಲ, ನನ್ನ ಗಂಡ. ನನ್ನ ಎರಡನೇ ಸಾಲಿನ್ಯಾಗ ಸಾಯಿಸಾಕ ಹೊಂಟಿದ್ದಿ, ಸುಮ್ಮನಿದ್ದೆ. ಈಗ ನನ್ನ ಮಾತೂ ಸಾಯಿಸಬ್ಯಾಡ."

ಆ ಪುಟವನ್ನೂ ಹರಿದೆ. ಸತ್ತ ಮೇಲೂ ಮಾತಿಗೆ ಇಷ್ಟು ಗಟ್ಟಿ ನಿಂತವಳೆದುರು ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ.

೩

ಆದದ್ದು ಇಷ್ಟು.

ಸಂಜೆ ಮಾವ ಗುಡಿಗೆ ಹೋದಾಗ ಉಜ್ಜಿನಮ್ಮ ಜಗಲಿಯಿಂದ ಪಟ ಇಳಿಸಿದಳು. ಹಿಂದಿನ ಮೊಳೆಗಳನ್ನು ಸೌಟಿನ ಹಿಡಿಯಿಂದ ಎಬ್ಬಿಸಿದಳು. ಹಳೆಯದನ್ನು ತೆಗೆದು ಪಾದಪೂಜೆಯದನ್ನು ಕೂರಿಸಿ ಗಾಜು ಒರೆಸಿ ಇಟ್ಟಳು. ಹಳೆಯದನ್ನು ಹರಿಯಲು ಕೈ ಬರಲಿಲ್ಲ. ಒಲೆಗೆ ಹಾಕಲಂತೂ ಇಲ್ಲ. ತನ್ನ ಮದುವೆಯ ಸೀರೆಯ ಮಡಿಕೆಯಲ್ಲಿ ಇಟ್ಟಳು.

ಮಾವನಿಗೆ ಹೇಳಿ ಬದಲಿಸಬೇಕಿತ್ತೇ? ಆಕೆಯನ್ನೇ ಕೇಳಿದೆ.

"ಹೇಳಿದ್ರ ಇಷ್ಟು ದಿನ ಮಾಡಿದ ಪೂಜಿ ಎಲ್ಲಾ ಆ ಮುದುಕಪ್ಪಗ ಸುಡತೈತಿ. ಹೇಳಲಿಲ್ಲಂದ್ರ ಅತ್ತಿ ಮಾತು ಸುಡತೈತಿ. ನೀವಾದ್ರ ಏನು ಮಾಡ್ತಿದ್ರಿ?"

"ನಾನು ಕಥೆ ಬರೆಯುತ್ತಿದ್ದೆ."

"ಅದು ಸುಲಭ ಬಿಡ್ರಿ," ಎಂದು ಒಳಗೆ ಹೋದಳು.

ಬೆಳಿಗ್ಗೆ ಶಿವಯೋಗಪ್ಪ ಸ್ನಾನ ಮಾಡಿ ಬಂದ. ಒದ್ದೆ ಪಂಚೆ ಹಿಂಡಿ ಹರವಿದ. ವಿಭೂತಿ ಧರಿಸಿದ. ಮಣೆಯ ಮೇಲೆ ಕೂತು ಲಿಂಗವನ್ನು ಅಂಗೈಗೆ ತೆಗೆದುಕೊಂಡ. ಊದಿನಕಡ್ಡಿ ಹಚ್ಚಿ ಪಟದ ಕಡೆ ನೋಡಿದ. ಅಡುಗೆ ಮನೆಯ ಬಾಗಿಲಲ್ಲಿ ಉಜ್ಜಿನಮ್ಮ ರೊಟ್ಟಿಯ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಹಂಚು ಕಾದು ಹೊಗೆಯಾಡುತ್ತಿತ್ತು.

ಆತ ಕಣ್ಣು ಮುಚ್ಚಲಿಲ್ಲ. ನೋಡುತ್ತಲೇ ಇದ್ದ. ಸ್ವಲ್ಪ ಮುಂದೆ ಬಾಗಿ ಮತ್ತೆ ನೋಡಿದ.

"ಉಜ್ಜಿ."

"ಏನ್ರಿ ಮಾವ."

"ಇವತ್ತು ಯಾಕೋ ಇಕಿ ಭಾಳ ದಣಿದಂಗ ಕಾಣ್ತಾಳ."

ಇದನ್ನು ನಾನು ಯೋಚಿಸಿರಲಿಲ್ಲ. ಎರಡೂ ಪಟವನ್ನು ಬರೆದವನು ನಾನೇ, ಆದರೂ ಕಂಡಿರಲಿಲ್ಲ. ಪಾದಪೂಜೆಯ ದಿನ ಪಕ್ಕೀರಮ್ಮ ಕೋಳಿ ಕೂಗುವ ಮೊದಲೇ ಎದ್ದು ಓಣಿಗೆಲ್ಲ ಅಡುಗೆ ಮಾಡಿದ್ದಳು. ಹುಬ್ಬಿನ ನಡುವೆ ಗೆರೆ ಇತ್ತು. ವಿಭೂತಿಯ ಕೆಳಗೆ ಬೆವರು ಇತ್ತು. ಲಿಂಗ ಹಿಡಿದ ಕೈಯ ಬೆರಳಿಗೆ ಎಣ್ಣೆ ಸಿಡಿದ ಬೊಬ್ಬೆ ಇತ್ತು. ಬದುಕಿದ್ದವಳ ಮುಖ ಅದು. ಇಷ್ಟು ತಿಂಗಳು ಆತ ನೋಡಿ ನೆಮ್ಮದಿಗೊಂಡ ಮುಖದಲ್ಲಿ ಇದಾವುದೂ ಇರಲಿಲ್ಲ.

"ದಿನಾ ಎಷ್ಟು ಆರಾಮ ಕುಂತಿರ್ತಿದ್ಲು," ಎಂದ ಶಿವಯೋಗಪ್ಪ. ದೂರಿನ ದನಿಯಲ್ಲಲ್ಲ. ಮನೆಗೆ ತಡವಾಗಿ ಬಂದವಳನ್ನು ಏನಾಯಿತೆಂದು ಕೇಳುವ ದನಿಯಲ್ಲಿ. ಎದ್ದು ಪಟದ ಹತ್ತಿರ ಹೋದ. ಗಾಜಿನ ಮೇಲೆ, ಆಕೆಯ ಹಣೆಯಿದ್ದಲ್ಲಿ, ಪಂಚೆಯ ತುದಿಯಿಂದ ಮೆಲ್ಲಗೆ ಒರೆಸಿದ. ಗಾಜಿನ ಮೇಲೆ ಏನೂ ಇರಲಿಲ್ಲ.

ಉಜ್ಜಿನಮ್ಮ ನನ್ನ ಕಡೆ ನೋಡಿದಳು. ನಾನು ಹಾಳೆಯ ಕಡೆ ನೋಡಿದೆ. ಆಕೆ ನನ್ನ ಆಸೆ ಬಿಟ್ಟಳು. ಹಂಚನ್ನು ಇಳಿಸಿದಳು, ಹಿಟ್ಟಿನ ಕೈ ತೊಳೆದಳು, ಬಂದು ಮಾವನ ಮಣೆಯ ಪಕ್ಕ ನೆಲದ ಮೇಲೆ ಕೂತಳು.

"ಅವತ್ತು ಅವ್ರಿಗೆ ಭಾಳ ಕೆಲಸ ಇತ್ರಿ ಮಾವ."

"ಯಾವತ್ತು?"

ಉಜ್ಜಿನಮ್ಮ ಹೇಳತೊಡಗಿದಳು. ಏನು ಹೇಳಿದಳೆಂಬುದು ನನಗೆ ಕೇಳಿಸಿತು. ಬಾಗಿಲಲ್ಲೇ ನಿಂತಿದ್ದೆ. ಬರೆಯುವುದಿಲ್ಲ. ಮಾವ ಸೊಸೆ ಜಗಲಿಯ ಮುಂದೆ ಕೂತು ಆಡುವ ಮಾತನ್ನು ತಂದು ನಿಮ್ಮ ಕೈಗೆ ಹಾಕಿ ಕಥೆ ಮುಗಿಯಿತು ಎನ್ನಲು ನನಗೆ ಮನಸ್ಸಿಲ್ಲ. ಅಲ್ಲಿ ಒಂದು ಸಲ ಆತ ಅತ್ತ, ಒಂದು ಸಲ ಇಬ್ಬರೂ ನಕ್ಕರು. ಯಾವುದು ಮೊದಲು ಎಂದು ಕೇಳಬೇಡಿ.

ಬನ್ನಿ, ನಾವು ಹೊರಗೆ ಹೋಗೋಣ. ಚಪ್ಪಲಿ ಮೆಟ್ಟುವಾಗ ಸದ್ದು ಮಾಡಬೇಡಿ. ಒಳಗೆ ಇನ್ನೂ ಮಾತಾಡುತ್ತಿದ್ದಾರೆ.